ವರ್ಲ್ಡ್ ಸೀರೀಸ್ ಆಫ್ ಪೋಕರ್ ನೋಡುವುದು ಹೇಗೆ: ಟಿವಿ ಮತ್ತು ಆನ್‌ಲೈನ್ ಪ್ರಸಾರಕ್ಕೊಂದು ಸಮಗ್ರ ಮಾರ್ಗದರ್ಶಿ

ಲಾಸ್ ವೇಗಸ್‌ನಲ್ಲಿ ಮಧ್ಯಾಹ್ನ 12ಕ್ಕೆ ಎಲೆ ಹಂಚಲು ಶುರು ಮಾಡಿದರೆ ಬೆಂಗಳೂರಿನಲ್ಲಿ ಆಗ ರಾತ್ರಿ 12.30, ತಾರೀಖೂ ಒಂದು ದಿನ ಮುಂದೆ. ವರ್ಲ್ಡ್ ಸೀರೀಸ್ ಆಫ್ ಪೋಕರ್ ಎಂಬ ಇಸ್ಪೀಟು ಪಂದ್ಯಾವಳಿ (ಮುಂದೆ ಡಬ್ಲ್ಯುಎಸ್‌ಒಪಿ) ನೋಡಲು ಹೊರಟವರು ಸಾಮಾನ್ಯವಾಗಿ ಸೋಲುವುದು ಇಲ್ಲೇ. ದುಡ್ಡು ಕಟ್ಟಿ, ಮೊದಲ ದಿನವೇ ನಿದ್ದೆಗೆಟ್ಟು ಕೂತು, ಮುಖಪರಿಚಯವಿಲ್ಲದ ಮಂದಿ ಎಲೆ ಎಸೆಯುವುದನ್ನು ನಾಲ್ಕು ಗಂಟೆ ನೋಡಿ, ಮೂರನೇ ದಿನಕ್ಕೆ ಕೈಬಿಡುತ್ತಾರೆ. ನಿಜವಾದ ರೋಚಕ ದಿನಗಳು ಬರುವುದು ಆಮೇಲೆ. ಅದಕ್ಕೇ ಯಾವ ಆ್ಯಪ್ ಎನ್ನುವುದಕ್ಕಿಂತ ಮೊದಲು ಯಾವ ದಿನ, ಯಾವ ಹೊತ್ತು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು.

ಮೊದಲು ಸರಣಿಯ ಚೌಕಟ್ಟು

1970ರಲ್ಲಿ ಬೆನ್ನಿ ಬಿನಿಯನ್ ತನ್ನ ಹಾರ್ಸ್‌ಶೂ ಕ್ಯಾಸಿನೊದಲ್ಲಿ ಶುರು ಮಾಡಿದ ಪಂದ್ಯಾವಳಿ ಇದು. 2005ರಲ್ಲಿ ರಿಯೊ ಹೋಟೆಲಿಗೆ ಹೋಯಿತು, 2022ರಿಂದ ಲಾಸ್ ವೇಗಸ್ ಸ್ಟ್ರಿಪ್‌ನ ಹಾರ್ಸ್‌ಶೂ ಮತ್ತು ಪ್ಯಾರಿಸ್ ಹೋಟೆಲುಗಳಲ್ಲಿ ನಡೆಯುತ್ತಿದೆ. ಮೇ ಕೊನೆಗೆ ಆರಂಭವಾಗಿ ಜುಲೈ ಮಧ್ಯದವರೆಗೆ ಸಾಗುತ್ತದೆ. 2025ರದ್ದು ಮೇ 27ರಿಂದ ಜುಲೈ 16ರವರೆಗೆ ನಡೆದಿತ್ತು. ಒಟ್ಟು 100 ಪಂದ್ಯ, ಗೆದ್ದವರಿಗೆ ಹಣದ ಜೊತೆ ಚಿನ್ನದ ಬ್ರೇಸ್‌ಲೆಟ್.

ನೂರು ಪಂದ್ಯಗಳಲ್ಲಿ ಜನಸಾಮಾನ್ಯರು ನೋಡುವುದು ಒಂದನ್ನು: ಜುಲೈ ಮೊದಲ ವಾರ ಶುರುವಾಗುವ ಮೇನ್ ಇವೆಂಟ್. ಪ್ರವೇಶ ಶುಲ್ಕ 10,000 ಡಾಲರ್. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ ಆನ್‌ಲೈನ್ ಅರ್ಹತಾ ಪಂದ್ಯದ ಮೂಲಕ ಬಂದು ಗೆದ್ದಾಗ ಆಡಿದವರು 839 ಮಂದಿ; 2024ರಲ್ಲಿ 10,112, 2025ರಲ್ಲಿ 9,735. ಈ ಜನಸಂಖ್ಯೆಯಿಂದಾಗಿಯೇ ಮೇನ್ ಇವೆಂಟ್ ಎರಡು ವಾರ ಎಳೆಯುತ್ತದೆ.

ಹಂತ 1: ದಿನ ಆರಿಸಿಕೊಳ್ಳಿ

ಮೇನ್ ಇವೆಂಟ್‌ಗೆ ನಾಲ್ಕು ಆರಂಭದ ದಿನಗಳಿವೆ: 1ಎ, 1ಬಿ, 1ಸಿ, 1ಡಿ. ಒಬ್ಬ ಆಡುವುದು ಇವುಗಳಲ್ಲಿ ಒಂದರಲ್ಲಿ ಮಾತ್ರ; ನಾಲ್ಕೂ ಸೇರಿದರೆ ಪಂದ್ಯದ ‘ಮೊದಲ ದಿನ’. ಪ್ರತಿಯೊಬ್ಬನಿಗೂ 60,000 ಚಿಪ್ಸ್, ಅಂದರೆ ಪಣ ಕಟ್ಟುವ ಬಿಲ್ಲೆಗಳ ಮೊತ್ತ. ಪಣದ ಕನಿಷ್ಠ ಮೊತ್ತ, ಅಂದರೆ ಬ್ಲೈಂಡ್, ಎರಡು ಗಂಟೆಗೊಮ್ಮೆ ಮಾತ್ರ ಏರುತ್ತದೆ. ದಿನಕ್ಕೆ ಐದು ಸುತ್ತು. ಕೈಯಲ್ಲಿ ಇಷ್ಟು ಚಿಪ್ಸ್ ಇದ್ದು ಬ್ಲೈಂಡ್ ಇಷ್ಟು ನಿಧಾನವಾಗಿ ಏರಿದರೆ ಯಾರಿಗೂ ಆತುರ ಇರುವುದಿಲ್ಲ. ಮೊದಲ ಎರಡು ದಿನಗಳನ್ನು ಧಾರಾಳವಾಗಿ ಬಿಡಿ. ಖ್ಯಾತನಾಮರು ಯಾರು ಮನೆಗೆ ಹೋದರು ಎಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ಓದಿಕೊಂಡರೆ ಸಾಕು.

ನೋಡಲೇಬೇಕಾದ ಮೊದಲ ಘಟ್ಟ ಬಬಲ್. ಆಡಿದವರಲ್ಲಿ ಸುಮಾರು ಶೇ 15 ಮಂದಿಗೆ ಮಾತ್ರ ಹಣ ಸಿಗುತ್ತದೆ, ಕನಿಷ್ಠ ಬಹುಮಾನ 15,000 ಡಾಲರ್. ಹಣ ಸಿಗುವ ಗೆರೆಗೆ ಒಬ್ಬರೋ ಇಬ್ಬರೋ ಉಳಿದಾಗ ‘ಹ್ಯಾಂಡ್ ಫಾರ್ ಹ್ಯಾಂಡ್’ ಘೋಷಿಸುತ್ತಾರೆ: ಎಲ್ಲ ಟೇಬಲ್‌ಗಳಲ್ಲೂ ಒಂದೊಂದೇ ಆಟ, ಎಲ್ಲರದೂ ಮುಗಿಯುವ ತನಕ ಯಾರೂ ಮುಂದಿನ ಎಲೆ ಹಂಚುವಂತಿಲ್ಲ. ಎಲ್ಲೋ ಮೂಲೆಯ ಟೇಬಲ್‌ನಲ್ಲಿ ಒಬ್ಬ ಆಲ್ ಇನ್ ಎಂದರೆ (ಇರುವ ಚಿಪ್ಸ್ ಎಲ್ಲವನ್ನೂ ಪಣಕ್ಕಿಟ್ಟರೆ) ಕ್ಯಾಮೆರಾಗಳೆಲ್ಲ ಅತ್ತ ಓಡುತ್ತವೆ. ಇದು ಸಾಮಾನ್ಯವಾಗಿ ಮೂರನೇ ದಿನದ ಕೊನೆಗೆ ಬರುತ್ತದೆ.

ಎರಡನೆಯದು, ಒಂಬತ್ತು ಮಂದಿ ಉಳಿಯುವ ತನಕ ಆಡುವ ದಿನ. ನನ್ನ ಲೆಕ್ಕದಲ್ಲಿ ಇಡೀ ಸರಣಿಯಲ್ಲೇ ಅತ್ಯುತ್ತಮ ದಿನ ಇದು, ಫೈನಲ್‌ಗಿಂತಲೂ. ಆಡುವವರಿಗೆಲ್ಲ ಸುಸ್ತಾಗಿರುತ್ತದೆ, ಫೈನಲ್ ಟೇಬಲ್ ಕಣ್ಣೆದುರೇ ಇರುತ್ತದೆ, ತಪ್ಪುಗಳು ಸಾಲುಗಟ್ಟಿ ಬರುತ್ತವೆ.

ಮೂರನೆಯದು ಫೈನಲ್ ಟೇಬಲ್. 2025ರಲ್ಲಿ ಜುಲೈ 15 ಮತ್ತು 16ರಂದು ನಡೆದು ಮೈಕಲ್ ಮಿಜ್ರಾಚಿ ಒಂದು ಕೋಟಿ ಡಾಲರ್ ಗೆದ್ದರು. ಅದೇ ಬೇಸಿಗೆಯಲ್ಲಿ 50,000 ಡಾಲರ್ ಶುಲ್ಕದ ಪೋಕರ್ ಪ್ಲೇಯರ್ಸ್ ಚಾಂಪಿಯನ್‌ಶಿಪ್ಪನ್ನೂ ನಾಲ್ಕನೇ ಸಲ ಗೆದ್ದಿದ್ದರು.

ಮೇನ್ ಇವೆಂಟ್ ಬಿಟ್ಟು ಬೇರೆ ನೋಡುವುದಾದರೆ ಹೊಸಬರು ‘ನೋ ಲಿಮಿಟ್ ಹೋಲ್ಡೆಮ್’ ಎಂದು ಹೆಸರಿರುವ ಪಂದ್ಯಗಳಿಗೇ ಅಂಟಿಕೊಳ್ಳಿ (ಮೇನ್ ಇವೆಂಟ್‌ನ ಆಟವೂ ಇದೇ). ಪ್ಲೇಯರ್ಸ್ ಚಾಂಪಿಯನ್‌ಶಿಪ್‌ನಲ್ಲಿ ಒಂಬತ್ತು ಬಗೆಯ ಆಟ ಸರದಿಯಲ್ಲಿ ಬರುತ್ತದೆ. ನಿಯಮ ಗೊತ್ತಿಲ್ಲದವರಿಗೆ ಅದು ಶುದ್ಧ ಗೊಂದಲ. ದೊಡ್ಡ ಶುಲ್ಕದ ಪಂದ್ಯಗಳಲ್ಲಿ ಭಾರತೀಯರೂ ಇರುತ್ತಾರೆ. 2024ರಲ್ಲಿ 2,50,000 ಡಾಲರ್ ಶುಲ್ಕದ ಸೂಪರ್ ಹೈರೋಲರ್ ಗೆದ್ದು 54 ಲಕ್ಷ ಡಾಲರ್ ಮೀರಿ ಗಳಿಸಿದವರು ಸಂತೋಷ್ ಸುವರ್ಣ (ಈ ಅಡ್ಡಹೆಸರು ಕೇಳಿದರೆ ನಮ್ಮ ಕರಾವಳಿಯವರ ಕಿವಿ ನೆಟ್ಟಗಾಗುವುದು ಸಹಜ). 2018ರಲ್ಲಿ ನಿಕಿತಾ ಲೂಥರ್ ಟ್ಯಾಗ್ ಟೀಮ್ ಪಂದ್ಯದಲ್ಲಿ ಬ್ರೇಸ್‌ಲೆಟ್ ಗೆದ್ದಿದ್ದರು.

ಹಂತ 2: ಗಡಿಯಾರ ಹೊಂದಿಸಿ

ಅಲ್ಲಿಯ ಬೇಸಿಗೆಯಲ್ಲಿ ವೇಗಸ್‌ಗೂ ನಮಗೂ 12 ಗಂಟೆ 30 ನಿಮಿಷದ ಅಂತರ, ನಾವು ಮುಂದೆ. ವೇಗಸ್‌ನ ಮಂಗಳವಾರ ಮಧ್ಯಾಹ್ನ 2 ಗಂಟೆ ಎಂದರೆ ನಮ್ಮಲ್ಲಿ ಬುಧವಾರ ನಸುಕಿನ 2.30. ದುಬೈ, ಅಬುಧಾಬಿಯಲ್ಲಿರುವ ಕನ್ನಡಿಗರಿಗೆ ಅಂತರ 11 ಗಂಟೆ, ಲಂಡನ್‌ನವರಿಗೆ 8. ಡಿಸೆಂಬರ್‌ನಲ್ಲಿ ಬಹಾಮಾಸ್‌ನಲ್ಲಿ ನಡೆಯುವ ಡಬ್ಲ್ಯುಎಸ್‌ಒಪಿ ಪ್ಯಾರಡೈಸ್‌ಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿಗೂ ಬೆಂಗಳೂರಿಗೂ ಹತ್ತೂವರೆ ಗಂಟೆ.

ಬಾಯಿಲೆಕ್ಕ ಬೇಡ. ಗೂಗಲ್ ಕ್ಯಾಲೆಂಡರ್‌ನಲ್ಲಿ ಹೊಸ ಕಾರ್ಯಕ್ರಮ ಸೇರಿಸುವಾಗ ಟೈಮ್ ಝೋನ್ ಅನ್ನು ಲಾಸ್ ಏಂಜಲೀಸ್‌ನ ಪೆಸಿಫಿಕ್ ಟೈಮ್‌ಗೆ ಬದಲಿಸಿ, ಅಲ್ಲಿಯ ಸಮಯವನ್ನು ಹಾಗೇ ಬರೆಯಿರಿ. ಫೋನ್ ತಾನೇ ನಮ್ಮ ಸಮಯಕ್ಕೆ ತಿರುಗಿಸಿ ಎಚ್ಚರಿಸುತ್ತದೆ. ತಾರೀಖು ತಪ್ಪಿಸಿಕೊಂಡು ಒಂದು ರಾತ್ರಿ ವ್ಯರ್ಥ ಕಾಯುವುದು ಇದರಿಂದ ತಪ್ಪುತ್ತದೆ.

‘ಲೈವ್’ ಎಂದು ಬಂದರೂ ಅದು ಆ ಕ್ಷಣದ ಆಟವಲ್ಲ ಎಂಬುದೂ ಗೊತ್ತಿರಲಿ. ಆಟಗಾರರ ಎಲೆಗಳನ್ನು ನಮಗೆ ತೋರಿಸುವುದರಿಂದ, ಹೊರಗಿನಿಂದ ಯಾರೂ ಆಟಗಾರನಿಗೆ ಸನ್ನೆ ಮಾಡದಂತೆ ಪ್ರಸಾರವನ್ನು ಬೇಕೆಂದೇ ತಡ ಮಾಡುತ್ತಾರೆ, ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ. ವೇಳಾಪಟ್ಟಿಯಲ್ಲಿ ಆಟ ಶುರುವಾಗುವ ಹೊತ್ತು ಬೇರೆ, ಪ್ರಸಾರ ಶುರುವಾಗುವ ಹೊತ್ತು ಬೇರೆ. ನಮಗೆ ಬೇಕಿರುವುದು ಎರಡನೆಯದು.

ಕೆಲಸಕ್ಕೆ ಹೋಗುವವರು ರಾತ್ರಿಯೆಲ್ಲ ಕೂರುವ ಬದಲು ಬೇಗ ಮಲಗಿ ಬೇಗ ಏಳುವುದು ಜಾಣತನ. ನಮ್ಮ ಬೆಳಿಗ್ಗೆ 6 ಎಂದರೆ ವೇಗಸ್‌ನಲ್ಲಿ ಹಿಂದಿನ ಸಂಜೆ 5.30. ಬ್ಲೈಂಡ್ ದೊಡ್ಡದಾಗಿ ಆಟಗಾರರು ಹೊರಬೀಳುವುದು ಹೆಚ್ಚು ಅಲ್ಲಿಯ ಸಂಜೆ–ರಾತ್ರಿಯಲ್ಲಿ, ಅಂದರೆ ನಮ್ಮ ಬೆಳಿಗ್ಗೆ 6ರಿಂದ ಮಧ್ಯಾಹ್ನದವರೆಗೆ. ನಡುವೆ ಒಂದು ಗಂಟೆಗೂ ಮಿಕ್ಕಿ ಊಟದ ವಿರಾಮ ಇರುತ್ತದೆ. ಸ್ನಾನ, ತಿಂಡಿ ಅದರಲ್ಲೇ ಮುಗಿಸಬಹುದು.

ಹಂತ 3: ಎಲ್ಲಿ ನೋಡುವುದು

ಅಮೆರಿಕದ ಟಿವಿಯಲ್ಲಿ ಬಹುಕಾಲ ಇಎಸ್‌ಪಿಎನ್ ಇದನ್ನು ತೋರಿಸಿತು. ಲಾನ್ ಮ್ಯಾಕೆಹರ್ನ್, ನಾರ್ಮನ್ ಚಾಡ್ ಜೋಡಿಯ ವೀಕ್ಷಕ ವಿವರಣೆ 2003ರಿಂದ ಇದರ ಗುರುತೇ ಆಗಿಹೋಯಿತು. 2021ರಲ್ಲಿ ಹಕ್ಕು ಸಿಬಿಎಸ್ ಸ್ಪೋರ್ಟ್ಸ್‌ಗೆ ಹೋಯಿತು. ಆನ್‌ಲೈನ್‌ನಲ್ಲಿ 2017ರಿಂದ 2025ರವರೆಗೆ ನೇರ ಪ್ರಸಾರದ ಮುಖ್ಯ ಜಾಗ ಪೋಕರ್‌ಗೋ ಎಂಬ ಚಂದಾ ಸೇವೆ. 2024ರಲ್ಲಿ ಸೀಸರ್ಸ್ ಕಂಪನಿ ಇಡೀ ಡಬ್ಲ್ಯುಎಸ್‌ಒಪಿಯನ್ನು ಎನ್‌ಎಸ್‌ಯುಎಸ್ ಸಮೂಹಕ್ಕೆ 50 ಕೋಟಿ ಡಾಲರಿಗೆ ಮಾರಿತು. ಮಾಲೀಕರೂ ಹಕ್ಕುದಾರರೂ ಹೀಗೆ ಬದಲಾಗುತ್ತಿರುವಾಗ ಹೋದ ವರ್ಷದ ಚಂದಾವನ್ನೇ ಕಣ್ಣುಮುಚ್ಚಿ ನವೀಕರಿಸಬೇಡಿ. ಮೇ ಮೂರನೇ ವಾರ ಡಬ್ಲ್ಯುಎಸ್‌ಒಪಿಯ ಅಧಿಕೃತ ಜಾಲತಾಣದಲ್ಲಿ ಆ ವರ್ಷದ ಪ್ರಸಾರ ವೇಳಾಪಟ್ಟಿ ನೋಡಿ, ಆಮೇಲೆ ದುಡ್ಡು ಬಿಚ್ಚಿ.

ಭಾರತದಲ್ಲಿ ಕೇಬಲ್, ಡಿಟಿಎಚ್ ನೆಚ್ಚಿಕೊಂಡು ಕೂರಬೇಡಿ. ಇಲ್ಲಿ ‘ಟಿವಿಯಲ್ಲಿ ನೋಡುವುದು’ ಎಂದರೆ ಇಂಟರ್ನೆಟ್ ಪ್ರಸಾರವನ್ನು ದೊಡ್ಡ ಪರದೆಗೆ ತರುವುದು ಅಷ್ಟೆ. ಅಮೆರಿಕದಲ್ಲಿರುವವರು ತಮ್ಮ ಕೇಬಲ್ ಪ್ಯಾಕೇಜ್‌ನಲ್ಲಿ ಆ ವರ್ಷ ಹಕ್ಕು ಪಡೆದ ಚಾನೆಲ್ ಇದೆಯೇ ಎಂದು ನೋಡಿಕೊಂಡರಾಯಿತು.

ಚಂದಾ ಬೇಡವೆನ್ನುವವರಿಗೆ ಡಬ್ಲ್ಯುಎಸ್‌ಒಪಿ ಮತ್ತು ಪೋಕರ್‌ಗೋದ ಅಧಿಕೃತ ಯೂಟ್ಯೂಬ್ ಚಾನೆಲ್‌ಗಳಿವೆ. ಮುಖ್ಯ ಆಟಗಳ ತುಣುಕು, ಹಳೆಯ ವರ್ಷಗಳ ಕಂತುಗಳು ಉಚಿತ. ಇನ್ನು ಪಠ್ಯದ ದಾರಿ: ಪೋಕರ್‌ನ್ಯೂಸ್ ತಾಣದ ವರದಿಗಾರರು ಹಾಲ್‌ನಲ್ಲೇ ಓಡಾಡಿಕೊಂಡು ಯಾರ ಬಳಿ ಎಷ್ಟು ಚಿಪ್ಸ್, ಯಾರು ಹೊರಗೆ ಎಂದು ಬರೆಯುತ್ತಾರೆ. ಕ್ಯಾಮೆರಾ ಇರುವುದು ಒಂದೆರಡು ಟೇಬಲ್‌ಗೆ ಮಾತ್ರ. ನಿಮಗೆ ಬೇಕಾದ ಆಟಗಾರ ಉಳಿದ ನೂರಾರು ಟೇಬಲ್‌ಗಳಲ್ಲಿ ಎಲ್ಲೋ ಕೂತಿದ್ದರೆ ಈ ಪಠ್ಯವೇ ಗತಿ. ಚಿಪ್ಸ್ ಪಟ್ಟಿಯಲ್ಲಿ ಹೆಸರಿನ ಪಕ್ಕ ತ್ರಿವರ್ಣ ಧ್ವಜ ಹುಡುಕಿದರೆ ಭಾರತೀಯರು ಬೇಗ ಸಿಗುತ್ತಾರೆ.

ನೇರ ಪ್ರಸಾರಕ್ಕೂ ಸಂಕಲಿತ ಕಂತಿಗೂ ಇರುವ ವ್ಯತ್ಯಾಸ ಟೆಸ್ಟ್ ಪಂದ್ಯಕ್ಕೂ ಅದರ ಹೈಲೈಟ್ಸ್‌ಗೂ ಇರುವಂಥದ್ದು. ಟೇಬಲ್‌ನಲ್ಲಿ ಗಂಟೆಗೆ ಇಪ್ಪತ್ತು, ಮೂವತ್ತು ಆಟ ನಡೆಯುತ್ತದೆ. ಜಾಹೀರಾತು ಕಳೆದು ಒಂದು ಗಂಟೆಯ ಕಂತಿನಲ್ಲಿ ಉಳಿಯುವುದು ಅದರ ಒಂದು ಸಣ್ಣ ಪಾಲು, ಅದೂ ದೊಡ್ಡ ಜಟಾಪಟಿಗಳೇ. ಕಂತು ಮಾತ್ರ ನೋಡಿದವರಿಗೆ ಪೋಕರ್ ಎಂದರೆ ಬರೀ ಆಲ್ ಇನ್ ಎಂಬ ತಪ್ಪು ಕಲ್ಪನೆ ಬರುತ್ತದೆ.

ಹಂತ 4: ಹಣ ಕಟ್ಟುವಾಗ

ಪೋಕರ್‌ಗೋದಂಥ ವಿದೇಶಿ ಸೇವೆಗೆ ನಮ್ಮ ಕಾರ್ಡ್ ಹಾಕಿದಾಗ ‘ಡಿಕ್ಲೈನ್ಡ್’ ಎಂದು ಬರುವುದು ತೀರಾ ಸಾಮಾನ್ಯ. ಕಾರ್ಡ್ ಕೆಟ್ಟಿಲ್ಲ. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡ್‌ಗಳಲ್ಲಿ ಅಂತರರಾಷ್ಟ್ರೀಯ ವಹಿವಾಟು ಬಂದ್ ಆಗಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಅಂತರರಾಷ್ಟ್ರೀಯ ಆನ್‌ಲೈನ್ ವಹಿವಾಟು ಆನ್ ಮಾಡಿ, ಮಿತಿಯನ್ನು ಚಂದಾ ಮೊತ್ತಕ್ಕಿಂತ ಸ್ವಲ್ಪವೇ ಮೇಲಿಡಿ, ಕಟ್ಟಿದ ಮೇಲೆ ಮತ್ತೆ ಆಫ್ ಮಾಡಿ. ಡಾಲರ್ ದರದ ಮೇಲೆ ಬ್ಯಾಂಕಿನ ಮಾರ್ಕಪ್, ಆ ಮಾರ್ಕಪ್ ಮೇಲೆ ಶೇ 18 ಜಿಎಸ್‌ಟಿ ಸೇರುತ್ತದೆ. ಆದ್ದರಿಂದ ಪರದೆಯಲ್ಲಿ ಕಂಡ ಮೊತ್ತಕ್ಕಿಂತ ಸ್ವಲ್ಪ ಹೆಚ್ಚೇ ಕಡಿತವಾಗುತ್ತದೆ.

ಇದೆಲ್ಲ ರಗಳೆ ಎನಿಸಿದರೆ ಆ್ಯಪ್ ಒಳಗಿನಿಂದಲೇ ಗೂಗಲ್ ಪ್ಲೇ ಅಥವಾ ಆ್ಯಪಲ್ ಖಾತೆಯ ಮೂಲಕ ಕಟ್ಟಿ, ಯುಪಿಐ ನಡೆಯುತ್ತದೆ. ಮೇನ್ ಇವೆಂಟ್ ಒಂದಕ್ಕೇ ಆದರೆ ಜುಲೈ ಮೊದಲ ವಾರ ಒಂದು ತಿಂಗಳ ಚಂದಾ ಸಾಕು. ಮೇ ಕೊನೆಯಲ್ಲಿ ಕಟ್ಟಿದರೆ ಜೂನ್ ಕೊನೆಗೆ ಮುಗಿದು, ಬೇಕಾದ ಹೊತ್ತಿಗೆ ಮತ್ತೆ ಕಟ್ಟಬೇಕಾಗುತ್ತದೆ.

ವಿಪಿಎನ್ ಹಾಕಿ ಬೇರೆ ದೇಶದವರಂತೆ ನಟಿಸಬೇಡಿ. ಸೇವೆಯ ಷರತ್ತು ಮುರಿದಂತಾಗಿ ಖಾತೆ ಬಂದ್ ಆಗಬಹುದು. ಉಚಿತ ವಿಪಿಎನ್‌ಗಳಲ್ಲಿ ವಿಡಿಯೊ ಹೇಗೂ ಉಸಿರುಗಟ್ಟಿಕೊಂಡೇ ಓಡುತ್ತದೆ.

ಹಂತ 5: ದೊಡ್ಡ ಪರದೆಗೆ, ಡೇಟಾ ಮುಗಿಯದಂತೆ

ಸ್ಮಾರ್ಟ್ ಟಿವಿ ಇದ್ದರೆ ಆ್ಯಪ್ ಹಾಕಿ ಅಥವಾ ಫೋನಿನಿಂದ ಕಾಸ್ಟ್ ಮಾಡಿ. ಫೈರ್ ಟಿವಿ ಸ್ಟಿಕ್, ಆ್ಯಪಲ್ ಟಿವಿಗೂ ಪೋಕರ್‌ಗೋ ಆ್ಯಪ್ ಇದೆ. ಹಳೆಯ ಟಿವಿಗೆ ಲ್ಯಾಪ್‌ಟಾಪ್‌ನಿಂದ ಎಚ್‌ಡಿಎಂಐ ಕೇಬಲ್. ಧ್ವನಿ ಬಂದು ಚಿತ್ರ ಮಾತ್ರ ಕಪ್ಪಾಗಿದ್ದರೆ ಸಾಮಾನ್ಯವಾಗಿ ಅಗ್ಗದ ಅಡಾಪ್ಟರ್ ನಕಲು ತಡೆ ವ್ಯವಸ್ಥೆಯನ್ನು ದಾಟಿಸುತ್ತಿಲ್ಲ ಎಂದರ್ಥ. ಅಡಾಪ್ಟರ್ ಬದಲಿಸಿ, ಆಗದಿದ್ದರೆ ಬ್ರೌಸರ್ ಬದಲಿಸಿ, ಹಾರ್ಡ್‌ವೇರ್ ಆ್ಯಕ್ಸಲರೇಶನ್ ಆಫ್ ಮಾಡಿ ನೋಡಿ. ಫೋನಿನ ಟೈಪ್ ಸಿ ಕಿಂಡಿಯಿಂದ ಎಚ್‌ಡಿಎಂಐಗೆ ಹೋಗುವ ತಂತಿ ಎಲ್ಲ ಫೋನ್‌ಗಳಲ್ಲೂ ಕೆಲಸ ಮಾಡುವುದಿಲ್ಲ. ವಿಡಿಯೊ ಔಟ್ ಇದೆಯೇ ಎಂದು ತಿಳಿದ ಮೇಲೆ ಕೊಳ್ಳಿ.

720ಪಿಯಲ್ಲಿ ಗಂಟೆಗೆ ಸುಮಾರು ಒಂದರಿಂದ ಒಂದೂವರೆ ಜಿಬಿ, 1080ಪಿಯಲ್ಲಿ ಅದರ ಇಮ್ಮಡಿ. 360ಪಿಗೆ ಇಳಿಸಿದರೆ ಎಲೆಯ ಚಿಹ್ನೆ ಕಾಣುತ್ತದೆ, ಚಿಪ್ಸ್ ಸಂಖ್ಯೆ ಮಸುಕಾಗುತ್ತದೆ, 480ಪಿ ಕನಿಷ್ಠ. ದಿನಕ್ಕೆ 2 ಜಿಬಿ ಪ್ಯಾಕ್ ಇರುವವರಿಗೆ ಒಂದು ಬಲೆ ಇದೆ. ದಿನದ ಕೋಟಾ ನಡುರಾತ್ರಿಗೆ ಹೊಸದಾಗುತ್ತದೆ, ಆಟವೂ ಆಗಲೇ ಶುರು. ಮೂರು ಗಂಟೆಗೆಲ್ಲ ಡೇಟಾ ಖಾಲಿಯಾಗಿ, ಮರುದಿನ ಆಫೀಸಿನ ಕೆಲಸಕ್ಕೂ ಇಲ್ಲದಂತಾಗುತ್ತದೆ. ಮನೆಯ ವೈಫೈಯನ್ನೇ ಬಳಸಿ. ಜುಲೈ ನಮ್ಮಲ್ಲಿ ಮಳೆಗಾಲ, ಕರೆಂಟು ಹೋಗುವ ಕಾಲ. ರೂಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಇದ್ದರೆ ನೆಮ್ಮದಿ.

ಹಂತ 6: ಪರದೆ ಓದುವುದು

ತೀನ್‌ಪತ್ತಿ ಆಡಿ ಬೆಳೆದವರು ಮೊದಲು ಒಂದನ್ನು ಮರೆಯಬೇಕು. ಅಲ್ಲಿ ಸೀಕ್ವೆನ್ಸ್ ಮುಂದೆ ಕಲರ್ ಸೋಲುತ್ತದೆ. ಪೋಕರ್‌ನಲ್ಲಿ ಉಲ್ಟಾ, ಒಂದೇ ಜಾತಿಯ ಐದು ಎಲೆಯ ಫ್ಲಶ್ ಮುಂದೆ ಸಾಲಾಗಿ ಬಂದ ಸ್ಟ್ರೇಟ್ ಸೋಲುತ್ತದೆ. ಕಾರಣ ಲೆಕ್ಕದ್ದು. ಮೂರು ಎಲೆಯಲ್ಲಿ ಸೀಕ್ವೆನ್ಸ್ 720 ಬಗೆ, ಕಲರ್ 1,096 ಬಗೆ. ಐದು ಎಲೆಯಲ್ಲಿ ಸ್ಟ್ರೇಟ್ 10,200 ಬಗೆ, ಫ್ಲಶ್ 5,108 ಮಾತ್ರ. ಅಪರೂಪದ್ದು ಗೆಲ್ಲುತ್ತದೆ. ಇದು ತಲೆಯಲ್ಲಿ ಕೂರದಿದ್ದರೆ ಪ್ರತಿ ಆಟದಲ್ಲೂ ‘ಅವನು ಯಾಕೆ ಸೋತ’ ಎಂದು ಗೊಂದಲವಾಗುತ್ತದೆ.

ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬನಿಗೂ ಗುಟ್ಟಿನ ಎರಡು ಎಲೆ, ಟೇಬಲ್ ನಡುವೆ ಎಲ್ಲರಿಗೂ ಸೇರಿದ ಐದು ಎಲೆ (ಮೊದಲು ಮೂರು, ಆಮೇಲೆ ಒಂದೊಂದು); ಈ ಏಳರಲ್ಲಿ ಅತ್ಯುತ್ತಮ ಐದರದ್ದೇ ಲೆಕ್ಕ. ಪರದೆಯಲ್ಲಿ ಹೆಸರಿನ ಪಕ್ಕ ಇಬ್ಬರ ಎರಡೆರಡು ಎಲೆ, ಕೆಳಗೆ ಶೇಕಡಾವಾರು ಗೆಲುವಿನ ಸಾಧ್ಯತೆ. ಎಲೆಗಳೊಳಗೆ ಸಣ್ಣ ಎಲೆಕ್ಟ್ರಾನಿಕ್ ಚಿಪ್ ಇದೆ, ಟೇಬಲ್ ಹಾಸಿನಡಿಯ ಆಂಟೆನಾ ಅದನ್ನು ಓದುತ್ತದೆ. ಒಂದು ಆಟ ಹತ್ತಿರದಿಂದ ನೋಡೋಣ. ಒಬ್ಬನಲ್ಲಿ ಜೋಡಿ ಎಕ್ಕ, ಇನ್ನೊಬ್ಬನಲ್ಲಿ ಜೋಡಿ ರಾಜ, ಇಬ್ಬರೂ ಆಲ್ ಇನ್. ಪರದೆಯಲ್ಲಿ ಹೆಚ್ಚುಕಡಿಮೆ 82–18. ನಡುವೆ ಮೂರು ಎಲೆ ಬಿದ್ದವು, ರಾಜ ಇಲ್ಲ. ರಾಜನ ಕಡೆಯವನಿಗೆ ಈಗ ಬೇಕಿರುವುದು ಉಳಿದ ಎರಡು ರಾಜರಲ್ಲಿ ಒಂದು. ಬೇಕಾದ ಎಲೆಗಳ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿ: ಎಂಟು. ಪರದೆ 9ರ ಸುತ್ತ ತೋರಿಸುತ್ತದೆ. ನಾಲ್ಕನೇ ಎಲೆಯೂ ವ್ಯರ್ಥವಾದರೆ ಎರಡರಿಂದ ಗುಣಿಸಿ: ನಾಲ್ಕು. ನಿಜವಾದ ಲೆಕ್ಕ 44ರಲ್ಲಿ 2, ಅಂದರೆ 4.5. ನಾಲ್ಕು ಆಟೀನ್ ಇದ್ದು ಐದನೆಯದಕ್ಕೆ ಕಾಯುವವನಿಗೆ ಬೇಕಾದ ಎಲೆ ಒಂಬತ್ತು, ಮೂರು ಎಲೆ ಬಿದ್ದ ಹಂತದಲ್ಲಿ ಸುಮಾರು ಶೇ 35. ಈ ಗುಣಾಕಾರ ರೂಢಿಯಾದರೆ ಸಂಖ್ಯೆ ಮೂಡುವ ಮೊದಲೇ ಹೇಳಬಹುದು. ನೋಡುವುದರ ಅರ್ಧ ಮಜಾ ಅದರಲ್ಲಿದೆ.

ಚಿಪ್ಸ್ ಮೊತ್ತ ಮಿಲಿಯನ್‌ನಲ್ಲಿ ಬರುತ್ತದೆ, ಹತ್ತು ಮಿಲಿಯನ್ ಎಂದರೆ ನಮ್ಮ ಒಂದು ಕೋಟಿ. 2025ರ 9,735 ಜನರನ್ನು 60,000ದಿಂದ ಗುಣಿಸಿದರೆ ಇಡೀ ಪಂದ್ಯದಲ್ಲಿದ್ದ ಚಿಪ್ಸ್ 58.41 ಕೋಟಿ; ಒಂಬತ್ತು ಮಂದಿ ಉಳಿದಾಗ ಸರಾಸರಿ 6.49 ಕೋಟಿ. ಯಾರು ಮುಂದಿದ್ದಾರೆ ಎಂಬುದಕ್ಕೆ ಈ ಸರಾಸರಿ ಒಂದು ಅಳತೆ, ಇನ್ನೊಂದು ಬಿಗ್ ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಸರದಿಯಂತೆ ಇಡಬೇಕಾದ ಎರಡು ಕಡ್ಡಾಯ ಪಣಗಳಲ್ಲಿ ದೊಡ್ಡದು. ಬ್ಲೈಂಡ್ 10 ಲಕ್ಷ–20 ಲಕ್ಷ ಇದ್ದು, ಬಿಗ್ ಬ್ಲೈಂಡ್‌ನವನೇ ಎಲ್ಲರ ಪರ 20 ಲಕ್ಷದ ಆ್ಯಂಟಿ (ಇನ್ನೊಂದು ಕಡ್ಡಾಯ ಪಣ) ಹಾಕಿದರೆ, ಯಾರೂ ಬಾಯಿ ಬಿಡುವ ಮೊದಲೇ ನಡುವೆ 50 ಲಕ್ಷ. ಎರಡು ಕೋಟಿ ಚಿಪ್ಸ್ ಇರುವವನ ಬಳಿ ಇರುವುದು ಹತ್ತು ಬಿಗ್ ಬ್ಲೈಂಡ್ ಮಾತ್ರ. ಅವನಿಗೆ ಉಳಿದಿರುವ ದಾರಿ ಬಹುಮಟ್ಟಿಗೆ ಎರಡೇ, ಎಲೆ ಎಸೆ ಅಥವಾ ಆಲ್ ಇನ್.

ಫೈನಲ್‌ನಲ್ಲಿ ಒಳ್ಳೆಯ ಎಲೆಯನ್ನೂ ಎಸೆಯುವುದು ಏಕೆ? 2025ರ ಬಹುಮಾನ ನೋಡಿ: ಒಂಬತ್ತನೆಯವನಿಗೆ 10 ಲಕ್ಷ ಡಾಲರ್, ನಾಲ್ಕನೆಯವನಿಗೆ 30 ಲಕ್ಷ, ಮೂರನೆಯವನಿಗೆ 40, ಎರಡನೆಯವನಿಗೆ 60 ಲಕ್ಷ, ಗೆದ್ದವನಿಗೆ ಒಂದು ಕೋಟಿ. ನನಗಿಂತ ಕಡಿಮೆ ಚಿಪ್ಸ್‌ನವನು ಮೊದಲು ಹೊರಬಿದ್ದರೆ ಏನೂ ಮಾಡದೆ ಲಕ್ಷಗಟ್ಟಲೆ ಡಾಲರ್ ಮೇಲೇರುತ್ತೇನೆ. ಆದ್ದರಿಂದ ಚಿಪ್ಸ್ ಜಾಸ್ತಿ ಇರುವವನು ಹೆದರಿಸುತ್ತಾನೆ, ನಡುವಿನವರು ಕಾಯುತ್ತಾರೆ, ತಳದವನು ಆಲ್ ಇನ್‌ಗೆ ಹೊಂಚು ಹಾಕುತ್ತಾನೆ. ಪ್ರತಿ ಆಟಕ್ಕೂ ಮೊದಲು ಚಿಪ್ಸ್ ಪಟ್ಟಿಯ ಕೊನೆಯ ಹೆಸರನ್ನು ಒಮ್ಮೆ ನೋಡಿ. ಉಳಿದವರ ನಡೆ ಅರ್ಥವಾಗುತ್ತದೆ.

ಫಲಿತಾಂಶ ಮೊದಲೇ ಗೊತ್ತಾಗದಂತೆ

ಸಂಜೆ ರೆಕಾರ್ಡ್ ನೋಡುವವರು ಬೆಳಿಗ್ಗೆಯೇ ಪೋಕರ್ ಚಾನೆಲ್‌ಗಳ ನೋಟಿಫಿಕೇಶನ್ ಆಫ್ ಮಾಡಬೇಕು. ಯೂಟ್ಯೂಬ್‌ನ ಮೊದಲ ಪುಟದಲ್ಲೇ ಗೆದ್ದವನ ಫೋಟೊ ರಾಚುತ್ತದೆ. ಯಾರೂ ಹೇಳದ ಇನ್ನೊಂದು ಸುಳಿವುಗಳ್ಳ ಇದೆ: ವಿಡಿಯೊದ ಉದ್ದ. ಇಬ್ಬರೇ ಉಳಿದು, ಪಟ್ಟಿಯಲ್ಲಿ ಹನ್ನೆರಡು ನಿಮಿಷ ಮಾತ್ರ ಬಾಕಿ ಕಂಡರೆ ಮುಂದಿನ ಆಲ್ ಇನ್ ಕೊನೆಯದೆಂದು ಗೊತ್ತಾಗಿಬಿಡುತ್ತದೆ. ಪೂರ್ಣ ಪರದೆಗೆ ಹಾಕಿ, ರಿಮೋಟ್ ಮುಟ್ಟಬೇಡಿ.

ನಕಲಿ ಪ್ರಸಾರ, ಆಟದ ಜಾಹೀರಾತು

ಜುಲೈನಲ್ಲಿ ಯೂಟ್ಯೂಬ್‌ನಲ್ಲಿ ‘ಫೈನಲ್ ಲೈವ್’ ಎಂಬ ನಕಲಿಗಳು ಹುಟ್ಟಿಕೊಳ್ಳುತ್ತವೆ: ಹಳೆಯ ಪ್ರಸಾರ, ಪಕ್ಕದಲ್ಲಿ ಕ್ರಿಪ್ಟೊ ಕ್ಯೂಆರ್ ಕೋಡ್. ಹಿನ್ನೆಲೆಯಲ್ಲಿ ರಿಯೊ ಎಂಬ ಹೆಸರು ಕಂಡರೆ ಅದು 2021 ಅಥವಾ ಅದಕ್ಕೂ ಹಳೆಯದು. ಟೆಲಿಗ್ರಾಂನಲ್ಲಿ ‘ಉಚಿತ ಲೈವ್’ ಎಂದು ಬರುವ ಎಪಿಕೆ ಫೈಲ್ ಯಾವ ಕಾರಣಕ್ಕೂ ಫೋನಿಗೆ ಹಾಕಬೇಡಿ.

ಪೋಕರ್ ನೋಡುವುದಕ್ಕೆ ಭಾರತದಲ್ಲಿ ಅಡ್ಡಿಯಿಲ್ಲ. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ಪ್ರಸಾರದ ನಡುವೆ ‘ಈಗಲೇ ಆಡಿ, ಬೋನಸ್ ಪಡೆಯಿರಿ’ ಎಂದು ಬರುವ ಕೊಂಡಿ ಒತ್ತಬೇಡಿ. ಡಬ್ಲ್ಯುಎಸ್‌ಒಪಿ ಪ್ಲಸ್ ಆ್ಯಪ್ ವೇಳಾಪಟ್ಟಿ ನೋಡಲು ಸಾಕು. ಹಣ ಹಾಕುವ ಗುಂಡಿಯತ್ತ ಹೋಗುವುದು ಬೇಡ.

ಮುಗಿದ ಮೇಲೆ

ಆ್ಯಪ್ ಡಿಲೀಟ್ ಮಾಡಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರ ಒತ್ತಿ, ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್‌ಗೆ ಹೋಗಿ ರದ್ದು ಮಾಡಿ. ಕಾರ್ಡಿನಿಂದ ನೇರ ಕಟ್ಟಿದ್ದರೆ ಸೇವೆಯ ಜಾಲತಾಣದಲ್ಲೇ ಖಾತೆಗೆ ಹೋಗಿ ಆಟೊ ರಿನ್ಯೂ ತೆಗೆಯಬೇಕು. ರದ್ದು ಮಾಡಿದರೂ ಕಟ್ಟಿದ ಅವಧಿ ಮುಗಿಯುವ ತನಕ ಸಾಮಾನ್ಯವಾಗಿ ನೋಡಲು ಸಿಗುತ್ತದೆ. ಹಾಗಾಗಿ ಈ ಕೆಲಸವನ್ನು ಫೈನಲ್‌ನ ದಿನವೇ ಮುಗಿಸಬಹುದು.